ಮುತ್ತರಾಯಪ್ಪನ ಕಣ್ಣೊಳಗಿನ ಪೊರಕೆ ಸುಳಿ

ಗುಮ್ಮಳಾಪುರದ ಮುತ್ತರಾಯಪ್ಪನಿಗೆ ಓದು ಬರುತ್ತಿರಲಿಲ್ಲ, ಬರಹ ಬರುತ್ತಿರಲಿಲ್ಲ, ಸುಮ್ಮನಿರುವುದಂತೂ ಬರುತ್ತಲೇ ಇರಲಿಲ್ಲ. ಬರುತ್ತಿದ್ದುದು ಒಂದೇ, ದನದ ಸುಳಿ ನೋಡುವುದು. ಎತ್ತಿನ ಹಣೆಯ ಮೇಲೆ, ಹೆಗಲ ಮೇಲೆದ್ದ ಹಿಣಿಲಿನ ಹಿಂದೆ, ಬೆನ್ನಿನ ನಡುವೆ ಅಲ್ಲಲ್ಲಿ ಕೂದಲು ಸುತ್ತಿಕೊಂಡು ಬೆಳೆದಿರುತ್ತದಲ್ಲ, ಅದೇ ಸುಳಿ. ಯಾವ ಸುಳಿ ಎಲ್ಲಿದ್ದರೆ ಮನೆ ಉದ್ಧಾರ, ಎಲ್ಲಿದ್ದರೆ ಮನೆ ಹಾಳು ಎಂದು ಹೇಳುವ ಹಕ್ಕು ಅಂಚೆಟ್ಟಿಯಿಂದ ರಾಯಕೋಟೆಯವರೆಗೆ ತನಗೊಬ್ಬನಿಗೇ ಇದೆ ಎಂದು ಅವನು ನಂಬಿದ್ದ. ಅವನು ನಂಬಿದರೆ ನಂಬಿಕೊಳ್ಳಲಿ ಬಿಡಿ, ಜನವೂ ನಂಬಿಬಿಟ್ಟಿದ್ದರಲ್ಲ, ಅದಕ್ಕೇನು ಹೇಳೋಣ!

ಎತ್ತು ಕೊಳ್ಳುವವರು ಹೇಳಿ ಕಳುಹಿಸಿದರೆ ಮುತ್ತರಾಯಪ್ಪ ಹೋಗುತ್ತಿದ್ದ. ಹೋದವನು ಎತ್ತಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮಾರುವವನೂ ಕೊಳ್ಳುವವನೂ ಚೆನ್ನಾಗಿ ಬೆವರಿದ ಮೇಲೆ ಎದ್ದು ಪೇಟ ಬಿಗಿದು, ಎತ್ತಿನ ಸುತ್ತ ಮೂರು ಸುತ್ತು ಹಾಕುತ್ತಿದ್ದ. ಆಮೇಲೆ ತೀರ್ಪು. ರಾಜಸುಳಿ, ಕೊಡೆ ಸುಳಿ ಅಂದರೆ ಮನೆಯವರ ಮುಖ ಅರಳುತ್ತಿತ್ತು. ಬೇಡಿ ಸುಳಿ, ಚಟ್ಟದ ಸುಳಿ, ಪೊರಕೆ ಸುಳಿ ಅಂದರೆ ಆ ಎತ್ತಿನ ಕಥೆ ಮುಗಿಯಿತು. ದುಡ್ಡು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ವಿದ್ಯೆ ಹೋಗುತ್ತದಂತೆ. ಊಟ ಮಾತ್ರ ಬೇಕು. ಊಟಕ್ಕೆ ಕೋಳಿ ಕುಯ್ದ ಮನೆಗಳಲ್ಲಿ ಎತ್ತುಗಳ ಸುಳಿಯೂ ಯಾಕೋ ಚೆನ್ನಾಗಿಯೇ ಇರುತ್ತದೆ ಎಂದು ಅವನ ಹೆಂಡತಿ ಗೋವಿಂದಮ್ಮ ನೀರು ಸೇದುವ ಕಡೆ ಹೇಳುತ್ತಿದ್ದಳು.

ಅವನು ತಪ್ಪು ಹೇಳಿದ್ದೇ ಇಲ್ಲ. ಹೇಗೆ ಅನ್ನುತ್ತೀರಾ? ಕೊಂಡಪ್ಪ ಅನ್ನುವವನ ಬಿಳಿ ಎತ್ತಿಗೆ ಚಟ್ಟದ ಸುಳಿ ಇದೆ, ಇದನ್ನು ಕಟ್ಟಿಕೊಂಡರೆ ಯಜಮಾನ ಮಲಗುತ್ತಾನೆ ಎಂದಿದ್ದ. ಕೊಂಡಪ್ಪ ಮೊಂಡ, ಎತ್ತು ಮಾರಲಿಲ್ಲ. ಹನ್ನೊಂದು ವರ್ಷ ಅದರಲ್ಲೇ ಉತ್ತು, ಎಂಬತ್ತೆರಡನೆಯ ವಯಸ್ಸಿನಲ್ಲಿ ಮೊಮ್ಮಗಳ ಮದುವೆಯ ಹೋಳಿಗೆ ತಿಂದು ಸತ್ತ. ಮಣ್ಣಿಗೆ ಹೋಗಿ ಬಂದ ಮುತ್ತರಾಯಪ್ಪ ಕಾಲು ತೊಳೆಯುತ್ತಾ, "ನಾನು ಅವತ್ತೇ ಹೇಳಿರ್ಲಿಲ್ವಾ?" ಅಂದ.

ಇಷ್ಟರಲ್ಲೇ ನಿಲ್ಲಿಸಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಪುಣ್ಯಾತ್ಮ ದನದಲ್ಲಿ ನಿಲ್ಲಿಸಲಿಲ್ಲ. ಐವತ್ತೆಂಟನೆಯ ಇಸವಿಯಲ್ಲಿ ಮಗಳು ಹುಟ್ಟಿದಳು. ಮೂರನೇ ತಿಂಗಳಲ್ಲಿ ನಾಮಕರಣ, ಚೆನ್ನಮ್ಮ ಎಂದು ಹೆಸರು. ನೆಂಟರು, ಊರವರು ಎಲ್ಲ ಸೇರಿದ್ದರು. ಮುತ್ತರಾಯಪ್ಪನಿಗೆ ಆಗಿನ್ನೂ ಮೂವತ್ತೆರಡರ ಹುಡುಗಾಟದ ವಯಸ್ಸು, ಹೊಸದಾಗಿ ಹೆಸರು ಬಂದಿದ್ದ ಕಾಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಣೆಯ ಎಣ್ಣೆ ಒರೆಸಿದ. ಎಡಗಡೆ ಕೂದಲು ಶುರುವಾಗುವ ಕಡೆ ಒಂದು ಸುಳಿ ಇತ್ತು. ನಡುವಿನಿಂದ ಬಿಚ್ಚಿದ ಪೊರಕೆಯ ಹಾಗೆ ಕೂದಲು ಹರಡಿಕೊಂಡಿತ್ತು. ಕಂಡದ್ದನ್ನು ನುಂಗಿಕೊಂಡರೆ ಅವನು ಮುತ್ತರಾಯಪ್ಪ ಹೇಗಾದಾನು? ಎತ್ತಿನ ಮುಂದೆ ಹೇಳುವ ಗತ್ತಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಪೊರಕೆ ಸುಳಿ. ಹೊಕ್ಕ ಮನೇನ ಗುಡಿಸಿ ಹಾಕ್ತದೆ."

ಗೋವಿಂದಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಮಗುವನ್ನು ಕಿತ್ತುಕೊಂಡಳು. "ಥೂ ನಿನ್ನ ಬಾಯಿಗೆ ಮಣ್ಣು ಹಾಕ!" ಅಂದಳು. ಆದರೆ ಮಾತು ಹೊರಟುಹೋಗಿತ್ತು. ಅದು ಮಗುವಿಗಿಂತ ಜೋರಾಗಿ ಬೆಳೆಯಿತು. ಚೆನ್ನಮ್ಮನಿಗೆ ಹದಿನೆಂಟಾದ ಮೇಲೆ ಮೂರು ಕಡೆಯಿಂದ ಗಂಡಿನವರು ಬಂದರು. ರಾಯಕೋಟೆಯವರು ಬಸ್ಸಿಳಿದು ಟೀ ಅಂಗಡಿಯಲ್ಲಿ ದಾರಿ ಕೇಳಿದರು. ಅಂಗಡಿಯವನು ದಾರಿಯನ್ನೂ ಹೇಳಿದ, ಸುಳಿಯನ್ನೂ ಹೇಳಿದ. ಅವರು ಬಂದ ಬಸ್ಸಿನಲ್ಲೇ ವಾಪಸ್ಸು ಹೋದರು. ಉಳಿದ ಎರಡು ಕಡೆಯವರು ಮನೆಯವರೆಗೆ ಬಂದು ಉಪ್ಪಿಟ್ಟು ತಿಂದು ಹೋದರು, ಅಷ್ಟೇ ವ್ಯತ್ಯಾಸ. ಅಪ್ಪನೇ ಹೇಳಿದ ಮೇಲೆ ಇನ್ನು ಬೇರೆಯವರನ್ನು ಕೇಳುವುದೇನು?

ಚೆನ್ನಮ್ಮ ಅತ್ತಳೋ ಬಿಟ್ಟಳೋ, ಯಾರ ಎದುರಿಗೂ ಅಳಲಿಲ್ಲ. ಹತ್ತನೇ ತರಗತಿ ಪಾಸು ಮಾಡಿದ್ದಳು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಬಡಾವಣೆಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ, ಸಣ್ಣ ಸಣ್ಣ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೀಳು ಬಿಟ್ಟದ್ದು, ಸೊಟ್ಟಾದದ್ದನ್ನೆಲ್ಲ ಬೇರೆ ತಟ್ಟೆಗೆ ಹಾಕುವ ಕೆಲಸ. ಇಬ್ಬರು ಜೊತೆಗಾರ್ತಿಯರ ಜೊತೆ ಹೊಸೂರಿನಲ್ಲೇ ಒಂದು ಕೋಣೆ ಮಾಡಿಕೊಂಡು, ಭಾನುವಾರಕ್ಕೆ ಊರಿಗೆ ಬರುತ್ತಿದ್ದಳು. ಬರುವಾಗ ತಲೆಯನ್ನು ಹಿಂದಕ್ಕೆ ಬಿಗಿಯಾಗಿ ಬಾಚಿ, ಸುಳಿ ಎಲ್ಲರಿಗೂ ಎದ್ದು ಕಾಣುವ ಹಾಗೆ ಮಾಡಿಕೊಂಡು ಬಸ್ಸಿಳಿಯುತ್ತಿದ್ದಳು. ಮುತ್ತರಾಯಪ್ಪ ಮಾತ್ರ ಮಗಳ ಹಣೆಯ ಕಡೆ ನೋಡುತ್ತಿರಲಿಲ್ಲ. ನಾಮಕರಣದ ದಿನ ನೋಡಿದ್ದೇ ನೋಡಿದ್ದು.

ಎಂಬತ್ತನಾಲ್ಕರ ಕಾರ್ತಿಕ ಮಾಸ. ಅಂಚೆಟ್ಟಿಯ ಆಚೆ ಕಾಡಂಚಿನ ಹಳ್ಳಿಗಳಲ್ಲಿ ಮೂರು ದಿನ ದನದ ರೊಪ್ಪಗಳನ್ನು ಸುತ್ತಿ, ನಲವತ್ತು ಐವತ್ತು ದನದ ಕುತ್ತಿಗೆ ಸವರಿ, ನಾಲ್ಕು ಕೋಳಿಗಳ ಲೆಕ್ಕ ಮುಗಿಸಿ ಮುತ್ತರಾಯಪ್ಪ ನಡೆದುಕೊಂಡೇ ಊರಿಗೆ ಬಂದ. ಬಂದ ವಾರಕ್ಕೆ ಜ್ವರ. ಜ್ವರ ಅಂದರೆ ಅಂಥಿಂಥ ಜ್ವರವಲ್ಲ, ಮೈಮೇಲೆ ನೀರು ಹಾಕಿದರೆ ಆವಿ ಏಳುತ್ತದೇನೋ ಅನ್ನುವ ಜ್ವರ. ಐದನೇ ದಿನ ಮೈಯೆಲ್ಲ ಕೆಂಪು ಗುಳ್ಳೆ. ಗೋವಿಂದಮ್ಮ ಇದು ಸಿಡುಬು, ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಗಂಡನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಒಗ್ಗರಣೆ ನಿಲ್ಲಿಸಿದಳು. ಔಷಧ ಕೊಟ್ಟರೆ ಅಮ್ಮನಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಔಷಧವಿಲ್ಲ. ಹತ್ತು ದಿನಕ್ಕೆ ಜ್ವರ ತನಗೇ ಬೇಜಾರಾಗಿ ಬಿಟ್ಟುಹೋಯಿತು. ಅಮ್ಮನಿಗೆ ತಂಪು ಮಾಡಿ, ತಲೆಗೆ ನೀರು ಹಾಕಿದರು.

ಅದಾಗಿ ಎರಡು ವಾರ ಚೆನ್ನಾಗಿಯೇ ಇದ್ದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೋವಿಂದಮ್ಮನಿಗೆ ಮುಖವಿಲ್ಲ! ಸೆರಗು ಕಾಣುತ್ತದೆ, ಕೈಯಲ್ಲಿನ ಸೌಟು ಕಾಣುತ್ತದೆ, ಮುಖ ಇರಬೇಕಾದ ಜಾಗದಲ್ಲಿ ಒಂದು ಬೂದಿ ಬಣ್ಣದ ಮಚ್ಚೆ. ಮುಖ ಹೋದರೂ ಬಾಯಿ ಹೋಗಿರಲಿಲ್ಲ. "ಏನಯ್ಯ, ಹಂಗ್ ನೋಡ್ತೀಯ? ನನ್ನ ಮದ್ವೆ ಆಗಿದ್ದು ಈಗ ಗ್ಯಾಪ್ಕ ಬಂತಾ?" ಎಂದು ಆ ಮಚ್ಚೆಯೊಳಗಿನಿಂದ ದನಿ ಬಂತು. ಮುತ್ತರಾಯಪ್ಪ ಕಣ್ಣು ತಿಕ್ಕಿಕೊಂಡ. ನೀರು ಹಾಕಿ ತೊಳೆದ. ಹಿತ್ತಲಿನ ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡ. ಮಚ್ಚೆ ಕದಲಲಿಲ್ಲ. ಎಲ್ಲಿ ನೋಡಿದರೆ ಅಲ್ಲಿ, ನೋಡಬೇಕಾದ್ದರ ಮೇಲೇ ಬಂದು ಕೂರುತ್ತಿತ್ತು. ಬಲಗಣ್ಣಿನಲ್ಲಿ ಹೆಚ್ಚು, ಎಡಗಣ್ಣಿನಲ್ಲಿ ಸ್ವಲ್ಪ ಕಡಿಮೆ. ಸುತ್ತಲಿನದೆಲ್ಲ ಕಾಣುತ್ತಿತ್ತು, ನಡುವಿನದು ಮಾತ್ರ ಇಲ್ಲ.

ಅವನಿಗೆ ಹೆದರಿಕೆಯಾಯಿತು. ಬಾಯಿಬಡುಕನಿಗೆ ಹೆದರಿಕೆಯಾದರೆ ನೋಡಲು ಕಷ್ಟ. ಸುಳಿ ನೋಡುವವನಿಗೆ ಕಣ್ಣೇ ಹೋದರೆ ಅವನು ಇನ್ನು ಯಾರು? ಊಟದ ಎಲೆಯ ಮುಂದೆ ಕೂರಿಸಿ ಬಡಿಸುವವರು ಯಾರು? ಯಾರಿಗೂ ಹೇಳಲಿಲ್ಲ. ತಲೆ ಓರೆ ಮಾಡಿ ನೋಡಿದರೆ ಸ್ವಲ್ಪ ಕಾಣುತ್ತದೆ ಎಂದು ಕಂಡುಕೊಂಡು, ಎಲ್ಲರನ್ನೂ ಓರೆಯಾಗಿ ನೋಡಲು ಶುರುಮಾಡಿದ. ಊರವರು ಇದೂ ವಿದ್ಯೆಯ ಒಂದು ವರಸೆ ಇರಬೇಕೆಂದುಕೊಂಡರು.

ಒಂದು ಭಾನುವಾರ ಪಕ್ಕದ ಊರಿನ ಲಕ್ಷ್ಮಣಪ್ಪ ತನ್ನ ಕೆಂದೆತ್ತನ್ನು ಹೊಡೆದುಕೊಂಡು ಬಂದ. ಜ್ವರಕ್ಕೆ ಮುಂಚೆ ಇದೇ ಎತ್ತಿಗೆ ಪೊರಕೆ ಸುಳಿ ಎಂದು ಮುತ್ತರಾಯಪ್ಪ ತೀರ್ಪು ಕೊಟ್ಟಿದ್ದ. ಆ ಮಾತು ಹಬ್ಬಿ ಎತ್ತನ್ನು ಕೊಳ್ಳುವವರೇ ಇರಲಿಲ್ಲ. ಏನಾದರೂ ಶಾಂತಿ ಗೀಂತಿ ಮಾಡಿಸಬಹುದಾ ಎಂದು ಕೇಳಲು ಪಾಪ ಬಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಮುತ್ತರಾಯಪ್ಪ ಪೇಟ ಬಿಗಿದುಕೊಂಡು ಅಂಗಳಕ್ಕಿಳಿದ. ಎತ್ತಿನ ಹಣೆ ಸವರಿದ, ಬೆನ್ನು ಸವರಿದ, ಮೂರು ಸುತ್ತು ಹಾಕಿದ.

"ಆಹಾ! ರಾಜಸುಳಿ ಕಣ್ಲಾ ಲಕ್ಷ್ಮಣ! ಇಂಥ ಎತ್ತ ಎಲ್ಲಿ ಹಿಡ್ದೆ? ಇದು ಕಾಲಿಟ್ಟ ಮನೆ ಅರಮನೆ ಆಗ್ಬುಡ್ತದೆ."

ಲಕ್ಷ್ಮಣಪ್ಪ ಎತ್ತನ್ನು ನೋಡಿದ, ಮುತ್ತರಾಯಪ್ಪನನ್ನು ನೋಡಿದ. "ಅಣ್ಣ, ಇದು ನನ್ನ ಕೆಂದನೇ ಅಲ್ವಾ. ಹೋದ್ ತಿಂಗಳು ಇದಕ್ಕೆ ಪೊರಕೆ ಸುಳಿ ಅಂದು ನನ್ನ ಹೊಟ್ಟೆ ಉರಿಸಿದ್ಯಲ್ಲ?" ಅಂದ.

ಜ್ವರ ತಲೆಗೇರಿದೆ ಎಂದು ಗೋವಿಂದಮ್ಮ ಎದೆ ಬಡಿದುಕೊಂಡಳು. ಚೆನ್ನಮ್ಮ ಬಾಗಿಲಿನಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಸೊಟ್ಟಾದದ್ದನ್ನು ಹುಡುಕುವುದು ಅವಳ ಕೆಲಸವೇ ತಾನೇ. ಅಪ್ಪನ ಎದುರಿಗೆ ಮೂರು ಮೊಳ ದೂರದಲ್ಲಿ ಬಂದು ನಿಂತು, ಉದ್ದಕ್ಕೆ ನಾಲಿಗೆ ಚಾಚಿದಳು. ಅಪ್ಪ ಗಂಭೀರವಾಗಿ ತಲೆಯಾಡಿಸಿದ. ಹುಬ್ಬು ಕುಣಿಸಿ, ಕಣ್ಣು ಮೆಳ್ಳೆ ಮಾಡಿ, ಮತ್ತೊಮ್ಮೆ ಚಾಚಿದಳು. "ಏನವ್ವ, ಎತ್ತು ಚೆನ್ನಾಗೈತಾ?" ಎಂದು ಕೇಳಿದ ಅಪ್ಪ.

ಚೆನ್ನಮ್ಮ ನಾಲಿಗೆ ಒಳಗೆಳೆದುಕೊಂಡಳು. ಅವ್ವನ ಕಡೆ ತಿರುಗಿದಳು. "ಅಪ್ಪಂಗೆ ಕಣ್ಣು ಕಾಣಿಸ್ತಿಲ್ಲ ಕಣವ್ವ," ಅಂದಳು.

ಮಾರನೆಯ ದಿನ ಮೊದಲ ಬಸ್ಸಿಗೆ ಅಪ್ಪನ ಕೈ ಹಿಡಿದುಕೊಂಡು ಹೊಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರ್ ದ್ವಾರಕಾನಾಥ್ ಹೊಸೂರಿಗೆ ಮೂರು ತಲೆಮಾರಿನಿಂದ ಮೇಷ್ಟ್ರುಗಳನ್ನೂ ಗುಮಾಸ್ತರನ್ನೂ ಕೊಟ್ಟ ಮನೆಯವರು. ಮದರಾಸಿನಲ್ಲಿ ಕಣ್ಣಿನ ವಿದ್ಯೆ ಓದಿ ಬಂದಿದ್ದರು. ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು, ನಮ್ಮವರ ಹತ್ತಿರ ಕನ್ನಡ, ಮನೆಯಲ್ಲಿ ಹೆಂಡತಿಯ ಹತ್ತಿರ ಮೌನ ಎಂದು ಊರಲ್ಲಿ ಹೇಳುತ್ತಿದ್ದರು. ಗೋಡೆಯ ಮೇಲಿನ ಹಲಗೆಯಲ್ಲಿ ತಮಿಳು ಅಕ್ಷರಗಳಿದ್ದವು. ಓದು ಬಾರದವರಿಗೆಂದು ಇನ್ನೊಂದು ಹಲಗೆ, ಅದರಲ್ಲಿ ಮೂರು ಕಾಲಿನ ಒಂದೇ ಗುರುತು ಎಡಕ್ಕೂ ಬಲಕ್ಕೂ ತಿರುಗಿಕೊಂಡಿರುತ್ತದೆ. ಕಾಲು ಯಾವ ಕಡೆ ಇದೆ ಎಂದು ಕೈ ತೋರಿಸಬೇಕು.

"ಮೂರು ಕಾಲಿನ ದನ ನಾನು ನೋಡಕಿಲ್ಲ ಸ್ವಾಮಿ," ಅಂದ ಮುತ್ತರಾಯಪ್ಪ. ನಿಜ ಏನೆಂದರೆ ಎಲ್ಲಕ್ಕಿಂತ ಮೇಲಿನ, ಅಂಗೈಯಗಲದ ಗುರುತೂ ಅವನಿಗೆ ಕಾಣುತ್ತಿರಲಿಲ್ಲ.

ಡಾಕ್ಟರು ಉರಿಯುವ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಕತ್ತಲೆ ಕೋಣೆಗೆ ಕರೆದರು. ಒಂದು ಪುಟ್ಟ ದೀಪ ಹಿಡಿದು, ಮೂಗಿಗೆ ಮೂಗು ತಗಲುವಷ್ಟು ಹತ್ತಿರ ಬಂದು, ಒಂದು ಕಣ್ಣೊಳಗೆ ನೋಡಿದರು, ಇನ್ನೊಂದರೊಳಗೆ ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಮಾತಿಲ್ಲ. ತಾನು ಎತ್ತಿನವರನ್ನು ಬೆವರಿಸುತ್ತಿದ್ದ ಹಾಗೆಯೇ ಈ ಮನುಷ್ಯ ತನ್ನನ್ನು ಬೆವರಿಸುತ್ತಿದ್ದಾನೆ ಎಂದು ಮುತ್ತರಾಯಪ್ಪನಿಗೆ ಅನ್ನಿಸಿತು. ವಿದ್ಯೆಯಲ್ಲಿ ತನ್ನ ಸಮಕ್ಕೆ ಒಬ್ಬ ಸಿಕ್ಕಿದ ಎಂದು ಸ್ವಲ್ಪ ಗೌರವವೂ ಬಂತು.

"ಇತ್ತೀಚೆಗೆ ಜ್ವರ ಬಂದಿತ್ತೇನ್ರೀ?" ಡಾಕ್ಟರು ಕೇಳಿದರು.

"ಬಂದಿತ್ತು ಸ್ವಾಮಿ. ಅಮ್ಮ."

"ಮೈಮೇಲೆ ಗುಳ್ಳೆ ಎದ್ದಿತ್ತಾ? ಅಂಗೈ, ಅಂಗಾಲಿಗೂ?"

"ಅಲ್ಲಿಗೂ ಬಂದಿತ್ತು."

"ದನ ಕರು ಮುಟ್ಟೋ ಕೆಲಸವಾ?"

ಮುತ್ತರಾಯಪ್ಪ ಎದೆ ಉಬ್ಬಿಸಿದ. ತನ್ನ ಹೆಸರು ಹೊಸೂರಿಗೂ ಬಂದಿದೆಯಲ್ಲ! ಡಾಕ್ಟರು ಅಂಗಿ ಬಿಚ್ಚಿಸಿ ದೀಪ ಹಿಡಿದು ಹುಡುಕಿದರು. ಕಂಕುಳಿನಲ್ಲಿ ಒಂದು ಒಣಗಿದ ಕಪ್ಪು ಹಕ್ಕಳೆಯ ಗುರುತು ಸಿಕ್ಕಿತು.

"ಇದು ಅಮ್ಮ ಅಲ್ಲ ಅನ್ಸುತ್ತೆ. ದನದ ಮೈಮೇಲಿನ ಉಣ್ಣೆ ಹುಳ ಕಚ್ಚಿ ಬಂದ ಜ್ವರದ ಹಾಗಿದೆ. ಜ್ವರ ಹೋಯ್ತು ಅಂತ ನೀವು ತಿಳ್ಕೊಂಡ್ರಿ. ನಿಮ್ಮ ಮೈ ಇನ್ನೂ ಅದರ ಜೊತೆ ಜಗಳ ಆಡ್ತಾನೇ ಇದೆ, ಆ ಜಗಳ ಈಗ ಕಣ್ಣೊಳಗೆ ನಡೀತಿದೆ."

ಚೆನ್ನಮ್ಮನಿಗೆ ತಿಳಿಯಲಿ ಎಂದು ಡಾಕ್ಟರು ಒಂದು ಕಾಗದ ತೆಗೆದು, ಬಣ್ಣದ ಪೆನ್ಸಿಲಿನಿಂದ ಬರೆದು ತೋರಿಸಿದರು. ದೊಡ್ಡದೊಂದು ಕೆಂಪು ವೃತ್ತ, ಅದು ಕಣ್ಣಿನ ಹಿಂಬದಿಯ ಪರದೆ. ಕೊಂಬೆ ಕೊಂಬೆಯಾಗಿ ಹರಿಯುವುದು ರಕ್ತದ ನಾಳ. ಪರದೆ ಬಾತುಕೊಂಡು ನೀರು ಒಸರಿದೆ. ಆ ನೀರಿನಲ್ಲಿದ್ದ ಜಿಡ್ಡು ಸರಿಯಾಗಿ ನಡುವಿನಲ್ಲಿ, ನೋಟದ ಜಾಗದಲ್ಲೇ, ಗೆರೆಗೆರೆಯಾಗಿ ಕೂತಿದೆ. ಆ ಗೆರೆಗಳನ್ನು ಹಳದಿ ಪೆನ್ಸಿಲಿನಿಂದ ಎಳೆದರು.

"ರಕ್ತ ಬೆಂಗಳೂರಿಗೆ ಕಳಿಸ್ತೀನಿ. ಆದ್ರೆ ರಿಪೋರ್ಟು ಬರೋ ತನಕ ಕಾಯೋ ಹಾಗಿಲ್ಲ. ಜ್ವರದ ವಿಷಕ್ಕೆ ಈ ಕ್ಯಾಪ್ಸೂಲು. ಬಾವು ಇಳಿಯೋದಕ್ಕೆ ಈ ಬಿಳಿ ಮಾತ್ರೆ. ಊಟ ಆದ ಮೇಲೆ ತಗೋಬೇಕು, ಉಪ್ಪು ಕಮ್ಮಿ ಮಾಡ್ಬೇಕು. ನಾನು ಇಳಿಸ್ತಾ ಬರ್ತೀನಿ, ನೀವಾಗಿ ನಿಲ್ಲಿಸಕೂಡದು. ತಡ ಮಾಡಿದ್ರೆ ಅಲ್ಲಿ ಗಾಯದ ಕಲೆ ಕಟ್ಟುತ್ತೆ. ಕಲೆ ಕಟ್ಟಿದ್ರೆ ಆಮೇಲೆ ನಾನಲ್ಲ, ಯಾರೂ ಏನೂ ಮಾಡೋಕಾಗಲ್ಲ."

ಮುತ್ತರಾಯಪ್ಪ ಕಾಗದ ಕೈಗೆ ತೆಗೆದುಕೊಂಡು, ಕೊಕ್ಕರೆಯ ಹಾಗೆ ಕತ್ತು ತಿರುಗಿಸಿ, ಓರೆಗಣ್ಣಿನಿಂದ ನೋಡಿದ. ನಡುವಿನಿಂದ ಎಲ್ಲ ಕಡೆಗೂ ಬಿಚ್ಚಿಕೊಂಡ ಹಳದಿ ಗೆರೆಗಳು. ಇದನ್ನು ಗುರುತಿಸಲು ಅವನಿಗೆ ನೆಟ್ಟಗಿನ ಕಣ್ಣು ಬೇಕಿರಲಿಲ್ಲ.

"ಇದು ನನ್ನ ಕಣ್ಣೊಳಗೈತಾ?"

"ಎರಡರಲ್ಲೂ. ಬಲಗಡೆ ಜಾಸ್ತಿ."

ಅಲ್ಲಿಂದ ಊರಿಗೆ ಬರುವವರೆಗೆ ಅವನು ತುಟಿ ಬಿಚ್ಚಲಿಲ್ಲ. ಚೆನ್ನಮ್ಮ ಅಪ್ಪನಿಗೆ ಹನಿಯ ಉರಿ ಇರಬೇಕೆಂದುಕೊಂಡು, ಮಾತ್ರೆಗಳನ್ನು ಅವ್ವನಿಗೆ ಒಪ್ಪಿಸಿ, ಸಂಜೆ ಬಸ್ಸಿಗೆ ವಾಪಸ್ಸು ಹೋದಳು.

ಮೂರು ದಿನ ಗೋವಿಂದಮ್ಮ ಊಟವಾದ ಮೇಲೆ ಮಾತ್ರೆ ಎಣಿಸಿ ಕೈಗೆ ಕೊಟ್ಟಳು. ಮುತ್ತರಾಯಪ್ಪ ಬಾಯಿಗೆ ಹಾಕಿಕೊಂಡು ಕೈ ತೊಳೆಯಲು ಹಿತ್ತಿಲಿಗೆ ಹೋಗುತ್ತಿದ್ದ. ನಾಲ್ಕನೇ ದಿನ ಹಿತ್ತಿಲಿನಲ್ಲಿ ಹುಂಜ ವಿಪರೀತ ಆಡತೊಡಗಿತು. ಕಾಳು ಹಾಕಿದರೆ ಕಾಳು ತಿಂದು, ಮೊರ ಕುಕ್ಕಿ, ಆಮೇಲೆ ಗೋವಿಂದಮ್ಮನ ಕಾಲು ಕುಕ್ಕಲು ಬಂತು. ಕೋಲು ಹಿಡಿದು ಅಟ್ಟಿಸಿಕೊಂಡು ಹೋದವಳಿಗೆ ಕಲ್ಲಿನ ಸಂದಿಯಲ್ಲಿ ಅರೆ ಕರಗಿದ ಒಂದು ಬಿಳಿ ಮಾತ್ರೆ ಸಿಕ್ಕಿತು.

"ಅಯ್ಯೋ ಮನೆಹಾಳ! ಹುಂಜಕ್ಕೆ ಕಣ್ಣು ಬರಿಸ್ತಾ ಇದ್ದೀಯೇನಯ್ಯಾ?"

ಆಗ ಬಾಯಿಬಿಟ್ಟ. ಕಣ್ಣೊಳಗಿರುವುದು ಬಾವಲ್ಲ, ಪೊರಕೆ ಸುಳಿ. ಡಾಕ್ಟರೇ ಬರೆದು ತೋರಿಸಿದ್ದಾನೆ, ಆದರೆ ಅವನಿಗೆ ಹೆಸರು ಗೊತ್ತಿಲ್ಲ, ಇಷ್ಟೇ. ಸುಳಿಗೆ ಮದ್ದಿಲ್ಲ. ಮೂವತ್ತು ವರ್ಷದಿಂದ ಊರೂರಿಗೆ ಅದನ್ನೇ ಹೇಳಿಕೊಂಡು ಬಂದವನು ತಾನೇ ಈಗ ಸುಳಿಗೆ ಮಾತ್ರೆ ನುಂಗುವುದೇ? ಗುಡಿಸಿ ಹಾಕುವುದಿದ್ದರೆ ಗುಡಿಸಿಹಾಕಲಿ, ಕಣ್ಣು ಹೋಗುವುದಿದ್ದರೆ ಹೋಗಲಿ. ಇಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಗೋವಿಂದಮ್ಮ ಬಸ್ಸಿನ ಕಂಡಕ್ಟರಿನ ಕೈಲಿ ಹೊಸೂರಿಗೆ ಹೇಳಿ ಕಳುಹಿಸಿದಳು.

ಚೆನ್ನಮ್ಮ ರಜಾ ಹಾಕಿ ಬಂದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ಕೂತಳು.

"ಸುಳಿಗೆ ಮದ್ದಿಲ್ವಾ?"

"ಇಲ್ಲ ಕಣವ್ವ."

"ನಂದಕ್ಕೂ ಹಂಗೇ ಅಂದಿದ್ದೆ. ಮೂರು ತಿಂಗಳ ಕೂಸು ನಾನು. ಗುಡಿಸಿ ಹಾಕ್ತದೆ ಅಂದೆ. ಹೇಳಪ್ಪ, ನಾನು ಯಾವ ಮನೆ ಗುಡಿಸ್ದೆ? ಈ ಮನೆ ಸೋರ್ತಿದ್ದಾಗ ಹೆಂಚು ಹಾಕ್ಸಿದ್ದು ಯಾರು? ನಿನ್ನ ಕೈ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿದ್ದು ನಿನ್ನ ರಾಜಸುಳಿ ಎತ್ತುಗಳಾ?"

ಮಗಳ ಮುಖವಿರುವ ಕಡೆ ಮುತ್ತರಾಯಪ್ಪನಿಗೆ ಮಚ್ಚೆ ಮಾತ್ರ ಕಾಣುತ್ತಿತ್ತು. ಆದರೆ ಅವಳ ದನಿ ಒಡೆದಿದ್ದು ಕೇಳಿಸಿತು. ಇಪ್ಪತ್ತಾರು ವರ್ಷದಲ್ಲಿ ಅದು ಮೊದಲ ಸಲ.

"ನಮ್ಮ ಕಾರ್ಖಾನೇಲಿ ನಾನು ಆಚೆಗೆ ಎತ್ತಿ ಹಾಕಿದ್ನ ಹಂಗೇ ಬಿಸಾಕಲ್ಲಪ್ಪ. ಮಾರ್ನೇ ದಿನ ಇನ್ನೊಬ್ಳು ಅದನ್ನ ಇನ್ನೊಂದ್ ಕಿತ ನೋಡ್ತಾಳೆ. ಎಷ್ಟೋ ಸಲ ನಂದೇ ತಪ್ಪಿರ್ತದೆ. ಕಬ್ಬಿಣದ ಚೂರಿಗೆ ಇರೋ ನ್ಯಾಯ ನನಗಿರ್ಲಿಲ್ಲ. ಹೋಗ್ಲಿ ಬಿಡು, ನಿನ್ನ ಕಣ್ಣಿಗಾದ್ರೂ ಇರ್ಲಿ. ಒಂದು ಮಾತು. ನೀನು ಮಾತ್ರೆ ನುಂಗು. ನುಂಗಿದ ಮೇಲೂ ಅದು ಅಲ್ಲೇ ಇದ್ರೆ ಸುಳಿ. ನೀನೇ ಗೆದ್ದೆ. ಹೋಗ್ಬುಟ್ರೆ?"

"ಹೋಗಕಿಲ್ಲ."

"ಹೋಗ್ಬುಟ್ರೆ?"

"ಸುಳಿ ಅಂದ್ಮೇಲೆ ಹೋಗಕಿಲ್ಲ ಕಣಮ್ಮಿ! ತತ್ತಾ ಇಲ್ಲಿ ಮಾತ್ರೆ. ಡಾಕ್ಟ್ರಿಗೂ ಒಂದ್ ಕಿತ ಗೊತ್ತಾಗ್ಲಿ."

ಕಣ್ಣಿಗಾಗಿ ನುಂಗದವನು ತನ್ನ ಮಾತು ಗೆಲ್ಲಲೆಂದು ನುಂಗಿದ. ಏನಾದರಾಗಲಿ, ಹೊಟ್ಟೆಗೆ ಹೋದರೆ ಸರಿ ತಾನೇ. ಮಾರನೆಯ ದಿನವೇ ಚೆನ್ನಮ್ಮ ಡಾಕ್ಟರಿಗೆ ಹುಂಜದ ಕಥೆಯನ್ನು ಒಂದೂ ಬಿಡದೆ ಹೇಳಿ, ಅವರಿಂದ ಬೈಸಿಕೊಂಡು, ಹೊಸ ಮಾತ್ರೆ ಕಳುಹಿಸಿದಳು. ರಕ್ತದ ರಿಪೋರ್ಟೂ ಬಂತು, ಡಾಕ್ಟರ ಊಹೆ ಸರಿಯಾಗಿತ್ತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಗೋವಿಂದಮ್ಮನ ಬಾಯಲ್ಲೇ ಕೇಳಬೇಕಿತ್ತು. ಬಿಳಿ ಮಾತ್ರೆ ಹುಂಜಕ್ಕೆ ಮಾಡಿದ್ದನ್ನೇ ಯಜಮಾನನಿಗೂ ಮಾಡಿತು. ಎರಡು ಮುದ್ದೆ ತಿನ್ನುತ್ತಿದ್ದವನು ಐದಕ್ಕೆ ಏರಿದ. ಉಪ್ಪಿಲ್ಲದ ಸಾರಿಗೆ ಬೈಯುತ್ತಾ ಅದನ್ನೇ ಮೂರು ಸಲ ಬಡಿಸಿಕೊಂಡ. ಮುಖ ಕುಂಬಳಕಾಯಿಯಷ್ಟು ಊದಿಕೊಂಡಿತು. ಮಗಳ ಸಂಬಳ ಮುದುಕನ ಕೆನ್ನೆಗೆ ಬಂದಿದೆ ಎಂದು ಊರವರು ಆಡಿಕೊಂಡರು. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟನೆ ಕೈ ನಿಲ್ಲಿಸಿ ಹೆಂಡತಿಯನ್ನೇ ನೋಡಿದ.

"ಗೋವಿಂದೀ, ನಿನ್ನ ಮೂಗು ಬಂತು!"

"ಎಲ್ಲಿಗೋಗಿತ್ತು ಅದು?" ಎಂದಳು ಗೋವಿಂದಮ್ಮ. ಆಮೇಲೆ ಅರ್ಥವಾಗಿ, ಸೌಟು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಬಂದಿದ್ದು ಬಂತು, ಈಗ ಮುಚ್ಕೊಂಡ್ರೆ ಹೆಂಗೆ?" ಎಂದು ಗಂಡ ರೇಗಿದ.

ಮಾತ್ರೆ ಇಳಿಯುತ್ತಾ ಬಂತು. ಎರಡು ತಿಂಗಳಾದ ಮೇಲೆ ದ್ವಾರಕಾನಾಥರು ಮತ್ತೆ ಹನಿ ಹಾಕಿ, ದೀಪ ಹಿಡಿದು ನೋಡಿದರು. ಮುತ್ತರಾಯಪ್ಪ ಗೋಡೆಯ ಮೇಲಿನ ಮೂರು ಕಾಲಿನ ದನಗಳನ್ನು ಕೊನೆಯಿಂದ ಎರಡನೇ ಸಾಲಿನವರೆಗೆ ಗುರುತಿಸಿದ್ದ. ಬಲಗಣ್ಣು ಒಂದು ಸಾಲು ಹಿಂದಿತ್ತು. ಮಾತ್ರೆ ಹುಂಜದ ಪಾಲಾದ ಆ ದಿನಗಳ ಫಲವೋ ಏನೋ, ಅದು ಹಾಗೇ ಉಳಿಯಬಹುದು ಎಂದರು ಡಾಕ್ಟರು. ಮುತ್ತರಾಯಪ್ಪನಿಗೆ ಆ ಲೆಕ್ಕ ಬೇಕಿರಲಿಲ್ಲ, ಸುಳಿ ಇದೆಯೋ ಇಲ್ಲವೋ ಅಷ್ಟೇ ಬೇಕಿತ್ತು.

"ಬರೀರಿ ಸ್ವಾಮಿ. ಅವತ್ತು ಬರ್ದಂಗೆ ಬರೀರಿ."

ಡಾಕ್ಟರು ನಕ್ಕು, ಕಾಗದ ತೆಗೆದರು. ಕೆಂಪು ವೃತ್ತ ಬಂತು, ಕೊಂಬೆಗಳು ಬಂದವು. ಹಳದಿ ಪೆನ್ಸಿಲು ಕೈಗೆತ್ತಿಕೊಂಡು ನಾಲ್ಕು ಚುಕ್ಕೆ ಇಟ್ಟು ನಿಲ್ಲಿಸಿದರು.

"ಪೂರ್ತಿ ಬರೀರಿ."

"ಇಷ್ಟೇ ಇರೋದು. ಇವೂ ಹೋಗ್ತವೆ."

ಮುತ್ತರಾಯಪ್ಪ ಈ ಸಲ ಕತ್ತು ತಿರುಗಿಸಬೇಕಾಗಿರಲಿಲ್ಲ. ಕಾಗದವನ್ನು ನೆಟ್ಟಗೆ ಹಿಡಿದು ತುಂಬ ಹೊತ್ತು ನೋಡಿದ. ಸೋತಿದ್ದ. ಅವನ ಎದೆಯಲ್ಲಿ ಮೊದಲು ಬಂದದ್ದು ಸಂತೋಷವಲ್ಲ, ನಾಚಿಕೆ. ಕಣ್ಣು ಬಂದ ದಿನವೇ ಅವನಿಗೆ ಯಾರ ಮುಖವನ್ನೂ ನೋಡುವುದು ಬೇಡವಾಗಿತ್ತು.

ಆ ವಾರ ಗುಮ್ಮಳಾಪುರದ ಟೀ ಅಂಗಡಿಯ ಮುಂದೆ ಎಂಟು ಹತ್ತು ಜನ ಕೂತಿದ್ದರು. ಲಕ್ಷ್ಮಣಪ್ಪನೂ ಇದ್ದ. ಮುತ್ತರಾಯಪ್ಪ ಬೆಂಚಿನ ಮೇಲೆ ಕೂರದೆ, ನಿಂತೇ ಇದ್ದ. ಪೇಟ ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಲಕ್ಷ್ಮಣ, ನಿನ್ನ ಕೆಂದ ಒಳ್ಳೇ ಎತ್ತು. ಇಟ್ಕೋ. ಎಲ್ರೂ ಕೇಳ್ರಲಾ, ನಾನೊಂದು ಸುಳಿ ತಪ್ಪು ನೋಡ್ದೆ."

ಮುತ್ತರಾಯಪ್ಪ ತಪ್ಪು ಒಪ್ಪಿಕೊಳ್ಳುವುದೆಂದರೆ! ಟೀ ಸೋಸುವವನೂ ಕೈ ನಿಲ್ಲಿಸಿದ.

"ಯಾರ ಎತ್ತಿಂದಣ್ಣ?" ಲಕ್ಷ್ಮಣಪ್ಪ ಕೇಳಿದ.

"ಎತ್ತಿಂದಲ್ಲ ಕಣ್ಲಾ. ನನ್ನ ಮಗಳದ್ದು."

ಇಷ್ಟು ಹೇಳಿ, ಟೀ ಕುಡಿಯದೆ ಮನೆಗೆ ಹೋದ. ಅವತ್ತಿನಿಂದ ಯಾರು ಹೇಳಿ ಕಳುಹಿಸಿದರೂ ಸುಳಿ ನೋಡಲು ಹೋಗಲಿಲ್ಲ. ಹಲ್ಲು ನೋಡಿ, ಗೊರಸು ನೋಡಿ, ಉಳುಮೆಗೆ ಹೂಡಿ ನೋಡಿ ಕೊಂಡ್ಕೊಳ್ರಲಾ ಎನ್ನುತ್ತಿದ್ದ. ಕೋಳಿ ಊಟಗಳು ನಿಂತುಹೋದವು.

ಭಾನುವಾರ ಚೆನ್ನಮ್ಮ ಬಂದಳು. ಟೀ ಅಂಗಡಿಯ ಸುದ್ದಿಯನ್ನು ಬಸ್ಸಿಳಿಯುತ್ತಿದ್ದ ಹಾಗೆಯೇ ನಾಲ್ಕು ಜನ ಹೇಳಿದ್ದರು. ಹೇಳಿದವರಲ್ಲಿ ಒಬ್ಬ, ಇನ್ನೇನು ನೆಂಟಸ್ತನ ನೋಡಬಹುದಲ್ಲ ಎಂದೂ ಅಂದಿದ್ದ. "ನೋಡ್ರಿ, ಗಂಡುಗಳು ಸಾಲು ಸಾಲಾಗಿ ಬರ್ಲಿ, ಒಬ್ಬೊಬ್ಬರ ತಲೆ ಸುಳಿ ನೋಡಿ ಕಳಿಸ್ತೀನಿ," ಎಂದು ಅವನ ಬಾಯಿ ಮುಚ್ಚಿಸಿ ಮನೆಗೆ ಬಂದಳು. ಅಪ್ಪ ಅಂಗಳದ ಬಿಸಿಲಿನಲ್ಲಿ ಕೂತಿದ್ದ. ಅವಳು ಮಾತಾಡಿಸದೆ ಒಳಗೆ ಹೋಗುತ್ತಿದ್ದಳು.

"ಬಾರವ್ವ ಇಲ್ಲಿ," ಅಂದ. "ಒಂದ್ ಕಿತ ಸರಿಯಾಗಿ ನೋಡ್ತೀನಿ."

ಚೆನ್ನಮ್ಮ ಕೈಚೀಲವನ್ನು ಜಗಲಿಯ ಮೇಲಿಟ್ಟಳು. ಆಮೇಲೆ ಬಂದು ಅಪ್ಪನ ಮುಂದೆ ಕೂತು, ಎಡಗೈಯಿಂದ ಕೂದಲನ್ನು ಹಿಂದಕ್ಕೆ ಹಿಡಿದು, ಬಿಸಿಲಿಗೆ ಹಣೆ ಒಡ್ಡಿದಳು. ಬಗ್ಗಿ ನೋಡಿದ ಮುತ್ತರಾಯಪ್ಪನಿಗೆ ಅಲ್ಲಲ್ಲಿ ಬಿಳಿ ಕೂದಲೂ ಕಂಡಿತು. ಇಪ್ಪತ್ತಾರಕ್ಕೇ ಬಂದಿತ್ತು.

"ಏನೈತಪ್ಪ?" ಕೇಳಿದಳು.

"ಕೂದ್ಲು ಐತೆ ಕಣವ್ವ," ಅಂದ ಮುತ್ತರಾಯಪ್ಪ. "ಬರೀ ಕೂದ್ಲು."

ಚೆನ್ನಮ್ಮ ಕೂದಲು ಹಿಡಿದಿದ್ದ ಕೈಯನ್ನು ಬಿಡದೆ, ಅಪ್ಪನ ಮೊಣಕಾಲಿಗೆ ತಲೆ ಊರಿ, ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಅತ್ತಳು.